ಹಬ್ಬದ ಜಾಹೀರಾತಿನ ಕಣ್ಣೀರು, ಹಳೆಯ ಗಾಡಿಯ ಬಿಡಿಭಾಗ: ಕಾರು ಕಂಪನಿಗಳಿಗೊಂದು ಬಹಿರಂಗ ಪತ್ರ

ಕಾರು ತಯಾರಿಸುವ ಕಂಪನಿಗಳ ಪ್ರಚಾರ ವಿಭಾಗದವರಿಗೂ ಅವರಿಗಾಗಿ ಹಬ್ಬದ ಜಾಹೀರಾತು ಬರೆಯುವ ಏಜೆನ್ಸಿಯವರಿಗೂ,

ಮಾನ್ಯರೇ,

ನವರಾತ್ರಿಗೆ ಇನ್ನೂ ಒಂದು ತಿಂಗಳಿರುವಾಗಲೇ ನಿಮ್ಮ ಜಾಹೀರಾತುಗಳು ನಮ್ಮ ನಡುಮನೆಗೆ ಬಂದು ಕೂರುತ್ತವೆ. ಅವುಗಳ ಕಥೆ ಈಗ ನನಗೆ ಬಾಯಿಪಾಠವಾಗಿದೆ. ವಯಸ್ಸಾದ ತಂದೆ, ಶೆಡ್ಡಿನಲ್ಲಿ ಮುಸುಕು ಹೊದ್ದು ನಿಂತ ಹಳೆಯ ಕಾರು, ದೂರದ ಊರಿನಿಂದ ಹಬ್ಬಕ್ಕೆಂದು ಬಂದ ಮಗ, ಹಿನ್ನೆಲೆಯಲ್ಲಿ ಒಂದು ಕೊಳಲು. ಮಗ ಮುಸುಕು ಸರಿಸುತ್ತಾನೆ, ತಂದೆಯ ಕಣ್ಣು ತುಂಬುತ್ತದೆ, ಅಷ್ಟರಲ್ಲಿ ಅಂಗಳಕ್ಕೆ ಹೊಸ ಕಾರೊಂದು ಬಂದು ನಿಲ್ಲುತ್ತದೆ. ಇದು ಯಾವುದೋ ಒಂದು ಕಂಪನಿಯ ಒಂದು ಜಾಹೀರಾತಲ್ಲ. ವರ್ಷಗಟ್ಟಲೆ ಇಂಥವನ್ನು ನೋಡಿ ನೋಡಿ ನನ್ನ ತಲೆಯಲ್ಲಿ ಉಳಿದಿರುವ ಅಚ್ಚು. ಕನ್ನಡಕ್ಕೆ ಡಬ್ ಆಗಿ ಬಂದಾಗ ಆ ಮಗ ತನ್ನ ಅಪ್ಪನೊಡನೆ ಬ್ಯಾಂಕಿನ ಸುತ್ತೋಲೆಯ ಭಾಷೆಯಲ್ಲಿ ಮಾತನಾಡುತ್ತಾನೆ ಎಂಬುದು ಬೇರೆ ಮಾತು. ಹಾಗಿದ್ದರೂ ಅದನ್ನು ನೋಡುವಾಗ ನನಗೆ ಗಂಟಲು ಕಟ್ಟುತ್ತದೆ. ಅದನ್ನು ಮುಚ್ಚಿಟ್ಟುಕೊಂಡು ಈ ಪತ್ರ ಬರೆಯುವುದು ಸರಿಯಲ್ಲ ಎನ್ನಿಸಿದ್ದರಿಂದ ಮೊದಲಿಗೇ ಒಪ್ಪಿಕೊಳ್ಳುತ್ತಿದ್ದೇನೆ.

ನನ್ನ ತಕರಾರು ಅಳಿಸುವುದರ ಬಗ್ಗೆ ಅಲ್ಲ. ಹಳೆಯ ಗಾಡಿಯ ಮೇಲೆ ನಮ್ಮ ಮನೆಗಳಲ್ಲಿ ಬೆಳೆದುಬಂದಿರುವ ಪ್ರೀತಿಯನ್ನು ಹೊಸ ಗಾಡಿ ಮಾರಲು ನೀವು ಕಡ ತೆಗೆದುಕೊಳ್ಳುತ್ತೀರಿ; ಆ ಪ್ರೀತಿ ಬಾಳುವುದಕ್ಕೆ ಬೇಕಾದ ಬಿಡಿಭಾಗವನ್ನು, ರಿಪೇರಿಯ ದಾರಿಯನ್ನು ಮಾತ್ರ ಒಂದೊಂದಾಗಿ ಮುಚ್ಚುತ್ತ ಹೋಗುತ್ತೀರಿ. ಕಡ ತೆಗೆದುಕೊಂಡವರು ಬಡ್ಡಿಯನ್ನಾದರೂ ಕಟ್ಟಬೇಡವೇ ಎಂಬುದಷ್ಟೇ ನನ್ನ ಪ್ರಶ್ನೆ.

ಈ ಬಗೆಯ ಹಬ್ಬದ ಜಾಹೀರಾತು ಹುಲುಸಾಗಿ ಬೆಳೆದಿರುವುದು ಅಮೆರಿಕದ ಕ್ರಿಸ್‌ಮಸ್ ಕಾಲದಲ್ಲಿ. ಮನೆಯ ಮುಂದೆ ನಿಂತ ಹೊಚ್ಚ ಹೊಸ ಲೆಕ್ಸಸ್ ಕಾರಿನ ನೆತ್ತಿಯ ಮೇಲೆ ದೊಡ್ಡ ಕೆಂಪು ರಿಬ್ಬನ್ನಿನ ಗಂಟು ಕಟ್ಟಿ ತೋರಿಸುವ ಪದ್ಧತಿ ಅಲ್ಲಿ ಎಷ್ಟು ಹಳಸಿಹೋಗಿದೆಯೆಂದರೆ ಜನ ಅದನ್ನು ಲೇವಡಿ ಮಾಡುವುದೂ ಹಬ್ಬದ ಭಾಗವೇ ಆಗಿಹೋಗಿದೆ. ಆದರೆ 2021ರ ಡಿಸೆಂಬರ್ ಹೊತ್ತಿಗೆ ಷೆವರ್ಲೆ ಕಂಪನಿ ಬಿಟ್ಟ ಜಾಹೀರಾತಿನಲ್ಲಿ ರಿಬ್ಬನ್ ಇರಲಿಲ್ಲ. ಹೆಂಡತಿಯನ್ನು ಕಳೆದುಕೊಂಡ ಒಬ್ಬ ಮುದುಕ, ಕೊಟ್ಟಿಗೆಯಲ್ಲಿ ದೂಳು ಹಿಡಿದ 1966ರ ಇಂಪಾಲ ಕಾರು, ಅದನ್ನು ಗುಟ್ಟಾಗಿ ಸರಿಮಾಡಿಸಿ ತಂದೆಯ ಮುಂದೆ ನಿಲ್ಲಿಸುವ ಮಗಳು. ಎರಡು ವರ್ಷದ ಬಳಿಕ, 2023ರಲ್ಲಿ, ಅದೇ ಕಂಪನಿ ನೆನಪು ಅಳಿಯುತ್ತಿರುವ ಅಜ್ಜಿಯೊಬ್ಬರನ್ನು ಮೊಮ್ಮಗಳು 1972ರ ಸಬರ್ಬನ್ ಗಾಡಿಯಲ್ಲಿ ಕೂರಿಸಿಕೊಂಡು, ಅಜ್ಜಿ ಬಾಳಿದ ಊರಿನ ಬೀದಿಗಳಲ್ಲಿ ಸುತ್ತಿಸುವ ಐದು ನಿಮಿಷದ ಚಿತ್ರ ಮಾಡಿತು. ಎರಡನ್ನೂ ಲಕ್ಷಾಂತರ ಜನ ನೋಡಿ ಕಣ್ಣೊರೆಸಿಕೊಂಡರು. ನಾನೂ ಒರೆಸಿಕೊಂಡೆ.

ಒರೆಸಿಕೊಂಡ ಮೇಲೆ ಕೆಲವು ಸಂಗತಿ ಹೊಳೆದವು. ಆ ಮುದುಕ ಅಷ್ಟೊಂದು ಪ್ರೀತಿಸಿದ ಇಂಪಾಲವನ್ನು ಜಾಹೀರಾತು ಬರುವುದಕ್ಕೆ ಮುಂಚೆ, 2020ರಲ್ಲೇ ಕಂಪನಿ ತಯಾರಿಸುವುದನ್ನು ನಿಲ್ಲಿಸಿತ್ತು. ಅದೇ ಷೆವರ್ಲೆ 2017ರ ಕೊನೆಯಲ್ಲಿ, ಸರ್ವಿಸ್ ಮತ್ತು ಬಿಡಿಭಾಗ ಮುಂದುವರಿಸುವುದಾಗಿ ಹೇಳಿ, ಭಾರತದಲ್ಲಿ ಮಾರಾಟವನ್ನೇ ಕೈಬಿಟ್ಟಿತ್ತು. ಇವಕ್ಕಿಂತ ದೊಡ್ಡದು ಕಥೆಯ ಒಳಗೇ ಇದೆ. ಐವತ್ತೈದು ವರ್ಷ ಹಳೆಯ ಕಾರು ಮತ್ತೆ ರಸ್ತೆಗೆ ಬಂದದ್ದು ಹೇಗೆ? ಅದರ ಎಂಜಿನ್ನನ್ನು ಯಾವ ಗ್ಯಾರೇಜಿನವರಾದರೂ ಬಿಚ್ಚಿ ಜೋಡಿಸಬಹುದಾಗಿದ್ದರಿಂದ. ಆ ಕಾಲದ ಅಮೆರಿಕನ್ ಕಾರುಗಳಿಗೆ ಬಾಗಿಲಿನ ರಬ್ಬರಿನಿಂದ ಹಿಡಿದು ಬಂಪರಿನವರೆಗೆ ಬಿಡಿಭಾಗ ಮಾಡುವವರು ಇವತ್ತಿಗೂ ಇರುವುದರಿಂದ. ಈ ವರ್ಷ ಮಾರಾಟವಾದ ಕಾರಿನ ಪರದೆ, ಸೆನ್ಸರು, ಅರಗು ಹಾಕಿ ಮುಚ್ಚಿದಂತಿರುವ ಎಲೆಕ್ಟ್ರಾನಿಕ್ ಪೆಟ್ಟಿಗೆಗಳನ್ನು ಇನ್ನು ಐವತ್ತೈದು ವರ್ಷದ ನಂತರ ಯಾವ ಮಗಳು, ಯಾವ ಗ್ಯಾರೇಜಿನಲ್ಲಿ, ತಂದೆಗೆ ಗೊತ್ತಾಗದಂತೆ ಸರಿಮಾಡಿಸಿಯಾಳು? ನಿಮ್ಮ ಜಾಹೀರಾತಿನ ಕಥೆ ನಿಮ್ಮದೇ ಹೊಸ ಗಾಡಿಯಲ್ಲಿ ನಡೆಯಲಾರದ ಕಥೆ.

ನನ್ನ ತಂದೆಯವರ ಬಳಿ ಒಂದು ಪ್ರೀಮಿಯರ್ ಪದ್ಮಿನಿ ಇತ್ತು. ಹೆಸರು ಪದ್ಮಿನಿಯಾದರೂ ಹಾಸನದಲ್ಲಿ ಎಲ್ಲರ ಬಾಯಲ್ಲೂ ಅದು ಫಿಯೆಟ್ಟೇ. ಗೇರು ಸ್ಟಿಯರಿಂಗಿನ ಪಕ್ಕದಲ್ಲಿತ್ತು, ಮುಂದಿನ ಸೀಟು ಬೆಂಚಿನಂತೆ ಉದ್ದಕ್ಕಿತ್ತು, ಚಳಿಗಾಲದ ಬೆಳಿಗ್ಗೆ ಚೋಕ್ ಎಳೆಯದೆ ಅದು ಏಳುತ್ತಿರಲಿಲ್ಲ. ಬೇಸಿಗೆಯಲ್ಲಿ ಧರ್ಮಸ್ಥಳದಿಂದ ಹಿಂತಿರುಗುವಾಗ, ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತಲು ಶುರುಮಾಡಿದರೆ, ಎಂಜಿನ್ನಿನ ಕಾವಿಗೆ ಪೆಟ್ರೋಲು ಪಂಪಿನೊಳಗೇ ಆವಿಯಾಗಿ ಗಾಡಿ ನಿಂತುಬಿಡುತ್ತಿತ್ತು. ಮೆಕ್ಯಾನಿಕರು ಅದನ್ನು ಏರ್ ಲಾಕ್ ಎನ್ನುತ್ತಿದ್ದರು. ಅಪ್ಪ ಗಾಬರಿಯಾಗುತ್ತಿರಲಿಲ್ಲ. ಡಿಕ್ಕಿಯಲ್ಲಿ ಅದಕ್ಕೆಂದೇ ಇಟ್ಟಿದ್ದ ಹಳೆಯ ಟವೆಲ್ಲನ್ನು ನನ್ನ ಕೈಗೆ ಕೊಟ್ಟು ಕೆಂಪುಹೊಳೆಗೆ ಇಳಿಸುತ್ತಿದ್ದರು; ನಾನು ಅದನ್ನು ಅದ್ದಿ, ನೀರು ತೊಟ್ಟಿಕ್ಕುತ್ತಿರುವಾಗಲೇ ಓಡಿ ಬಂದು ಕೊಡಬೇಕು; ಅವರು ಅದನ್ನು ಪಂಪಿಗೆ ಸುತ್ತಿ, ಬಾನೆಟ್ಟಿಗೆ ಒರಗಿ ಒಂದು ಬಾಳೆಹಣ್ಣು ತಿಂದು ಮುಗಿಸುವಷ್ಟರಲ್ಲಿ ಗಾಡಿ ಮತ್ತೆ ಏಳುತ್ತಿತ್ತು. ಬೆಳಿಗ್ಗೆ ಪೇಪರು ಬರುವುದರೊಳಗೆ ಡಿಪ್‌ಸ್ಟಿಕ್ ಎಳೆದು ಎಣ್ಣೆ ನೋಡುವುದು, ಹಾಕಿಸಿದ ಪೆಟ್ರೋಲಿನ ಲೆಕ್ಕವನ್ನು ಉದ್ದನೆಯ ನೋಟ್‌ಬುಕ್ಕಿನಲ್ಲಿ ಬರೆಯುವುದು, ಇವು ಅವರ ಸಂಧ್ಯಾವಂದನೆಗೆ ಹೊಂದಿಕೊಂಡಂತಿದ್ದವು. ಆಯುಧಪೂಜೆಯ ದಿನ ಅಮ್ಮ ಸ್ಟಿಯರಿಂಗಿಗೆ ಇಡುತ್ತಿದ್ದ ಕುಂಕುಮ ಹಾರ್ನಿನ ಸಂದಿಗೆ ಸೇರಿಕೊಂಡು, ವರ್ಷವಿಡೀ ಒರೆಸಿದರೂ ಹೋಗುತ್ತಿರಲಿಲ್ಲ. 2003ರಲ್ಲಿ ಗುಜರಿಯವರು ಅದನ್ನು ಒಂಬತ್ತು ಸಾವಿರಕ್ಕೆ ಕೊಂಡುಹೋದಾಗ ಅಪ್ಪ ಹೊರಗೆ ಬರಲಿಲ್ಲ. ಒಳಗಿನಿಂದಲೇ ಆ ಟವೆಲ್ ತೆಗೆದಿಟ್ಟುಕೊಳ್ಳಲು ಹೇಳಿದರು.

ಇಷ್ಟು ಬರೆಯುವಾಗ ನಾನೂ ನಿಮ್ಮ ಕಸುಬನ್ನೇ ಮಾಡಿದೆನೆಂದು ಗೊತ್ತಾಯಿತು. ಆದ್ದರಿಂದ ಉಳಿದದ್ದನ್ನೂ ಹೇಳುತ್ತೇನೆ. ಆ ಕಾರಿನಲ್ಲಿ ಹಿಂದಿನ ಸೀಟಿಗೆ ಬೆಲ್ಟೇ ಇರಲಿಲ್ಲ. ನಾವು ನಾಲ್ಕು ಮಕ್ಕಳು ಅಲ್ಲಿ ಒಬ್ಬರ ಮೇಲೊಬ್ಬರು ಕೂತು ಘಾಟಿ ಇಳಿದದ್ದನ್ನು ನೆನೆದರೆ ಈಗ ಮೈ ಜುಮ್ಮೆನ್ನುತ್ತದೆ. ಹೊಗೆಯನ್ನು ಶುದ್ಧಗೊಳಿಸುವ ಯಾವ ಏರ್ಪಾಡೂ ಅದಕ್ಕಿರಲಿಲ್ಲ. ಮುಂಬಯಿಯ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗಳಲ್ಲಿ ಕೊನೆಯದರ ಇಪ್ಪತ್ತು ವರ್ಷದ ಅವಧಿ 2023ರ ಅಕ್ಟೋಬರಿನಲ್ಲಿ ಮುಗಿದಾಗ ಆ ನಗರ ಬೀಳ್ಕೊಡುಗೆಯ ಮಾತನಾಡಿತು. ದಿನವೂ ಅವುಗಳ ಹಿಂದೆ ಬೈಕಿನಲ್ಲಿ ಹೋಗುತ್ತಿದ್ದವರು ಅಷ್ಟೇನೂ ಅತ್ತಿರಲಾರರು. ಹಳೆಯದೆಲ್ಲ ರಸ್ತೆಯ ಮೇಲೆ ಉಳಿಯಲಿ ಎಂದು ನಾನು ವಾದಿಸುತ್ತಿಲ್ಲ.

ನನ್ನ ವಾದ ಹತ್ತು ಹನ್ನೆರಡು ವರ್ಷದ, ಇನ್ನೂ ಗಟ್ಟಿಯಾಗಿರುವ, ನೀವೇ ಮಾರಿದ ಗಾಡಿಗಳ ಬಗ್ಗೆ. ನನ್ನ ಈಗಿನ ಕಾರಿಗೆ ಹನ್ನೊಂದು ವರ್ಷ. ಯಾವ ಕಂಪನಿಯದೆಂದು ಹೇಳುವ ಅಗತ್ಯವಿಲ್ಲ. ಓದುತ್ತಿರುವವರಲ್ಲಿ ಹಲವರು ಅದು ತಮ್ಮದೇ ಇರಬೇಕು ಎಂದುಕೊಂಡಾರು. ಕಳೆದ ವರ್ಷ ಬೀದಿಯ ದನವೊಂದು ಮೈ ಉಜ್ಜಿದ್ದಕ್ಕೆ ಎಡಗಡೆಯ ಹೆಡ್‌ಲೈಟು ಅಲುಗಾಡತೊಡಗಿತು. ಗಾಜು ಒಡೆದಿರಲಿಲ್ಲ, ಬಲ್ಬು ಉರಿಯುತ್ತಿತ್ತು. ಅದನ್ನು ಕಾರಿನ ಮೈಗೆ ಕಚ್ಚಿ ಹಿಡಿದಿಡುವ, ಕಿರುಬೆರಳಿನ ಉಗುರಿನಷ್ಟು ಅಗಲದ ಪ್ಲಾಸ್ಟಿಕ್ ಲಾಕ್ ಮುರಿದಿತ್ತು. ಸರ್ವಿಸ್ ಸೆಂಟರಿನ ಹುಡುಗ ಟಾರ್ಚು ಹಾಕಿ ನೋಡಿ, “ಲಾಕ್ ಒಂದೇ ಬರಲ್ಲ ಮೇಡಂ, ಫುಲ್ ಅಸೆಂಬ್ಲಿ ಹಾಕ್ಬೇಕು. ಈ ಮಾಡೆಲ್ ನಿಂತೋಗಿದೆ, ಆರ್ಡರ್ ಹಾಕಿದ್ರೂ ಯಾವಾಗ ಬರುತ್ತೋ ಹೇಳಕ್ಕಾಗಲ್ಲ” ಎಂದ. ಅಂದಾಜು ಹದಿನಾಲ್ಕು ಸಾವಿರ ಎಂದು ಬರೆದುಕೊಟ್ಟ. ಚೀಟಿಯ ಹಿಂದೆಯೇ ಹೊಸ ಕಾರಿನ ಬಣ್ಣದ ಕರಪತ್ರವೊಂದನ್ನು ಇಟ್ಟು, ಹಬ್ಬದ ಎಕ್ಸ್‌ಚೇಂಜ್ ಆಫರ್ ನಡೆಯುತ್ತಿದೆ ಎಂದು ಹೇಳುವಾಗ ಅವನ ದನಿಯಲ್ಲಿ ಕಾಪಟ್ಯವೇನೂ ಇರಲಿಲ್ಲ, ಹೇಳಿಕೊಟ್ಟದ್ದನ್ನು ಹೇಳಿದ. ಅಲ್ಲಿನ ಕಾಯುವ ಕೋಣೆಯ ಟಿ.ವಿ.ಯಲ್ಲಿ ಆಗ ಹಳೆಯ ಕಾರಿನ ಮುಸುಕು ಸರಿಸುವ ಮಗನೇ ಬರುತ್ತಿದ್ದ. ಮರುದಿನ ನಮ್ಮ ಬಡಾವಣೆಯ ಟಿಂಕರಿಂಗ್ ಅಂಗಡಿಯವರು ಬಂಪರ್ ಬೆಸೆಯುವ ಕಬ್ಬಿಣವನ್ನು ಕಾಯಿಸಿ, ಯಾವುದೋ ಮುರಿದ ಬಂಪರಿನ ಚೂರನ್ನು ಕತ್ತರಿಸಿ ಅಂಟಿಸಿ, ಮುನ್ನೂರೈವತ್ತು ರೂಪಾಯಿ ತೆಗೆದುಕೊಂಡರು.

ಹದಿನಾಲ್ಕು ಸಾವಿರಕ್ಕೂ ಮುನ್ನೂರೈವತ್ತಕ್ಕೂ ನಡುವೆ ಇರುವುದು ಜಾಣತನದ ವ್ಯತ್ಯಾಸವಲ್ಲ. ಲಾಕನ್ನು ಬಿಡಿಯಾಗಿ ಮಾರಬಾರದೆಂಬ ತೀರ್ಮಾನವನ್ನು ಯಾರೋ ಒಬ್ಬರು ಯಾವುದೋ ಕಚೇರಿಯಲ್ಲಿ ಕೂತು ತೆಗೆದುಕೊಂಡಿದ್ದಾರೆ. ಜಾಹೀರಾತಿನ ಬಜೆಟ್ಟಿಗೆ ಸಹಿ ಹಾಕುವವರೂ ಅದೇ ಕಟ್ಟಡದಲ್ಲಿ ಇರುತ್ತಾರೆ ಎಂದು ನನ್ನ ಊಹೆ.

ಆಯುಧಪೂಜೆಯ ಬಗ್ಗೆ ಒಂದು ಮಾತು ಹೇಳಲೇಬೇಕು, ಏಕೆಂದರೆ ಕರ್ನಾಟಕದಲ್ಲಿ ನಿಮ್ಮ ಹಬ್ಬದ ಪ್ರಚಾರವೆಲ್ಲ ಆ ದಿನದ ಸುತ್ತಲೇ ಸುತ್ತುತ್ತದೆ. ಹೊಸ ಗಾಡಿ ಕೊಳ್ಳಲು ವಿಜಯದಶಮಿ ಒಳ್ಳೆಯ ಮುಹೂರ್ತ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ನಮ್ಮ ಮನೆಯಲ್ಲೂ ಹಾಗೆ ಕೊಂಡದ್ದುಂಟು. ಆದರೆ ಅದರ ಹಿಂದಿನ ದಿನದ ಪೂಜೆ ಇರುವುದು ವರ್ಷವಿಡೀ ದುಡಿದ ವಸ್ತುವಿಗೆ. ಒಕ್ಕಲಿಗನ ನೇಗಿಲು, ಬಡಗಿಯ ಉಳಿ, ದರ್ಜಿಯ ಮೆಷಿನ್ನು, ಡಿಪೋದಲ್ಲಿ ಬಾಳೆಕಂದು ಕಟ್ಟಿಸಿಕೊಂಡು ನಿಂತ ಲಕ್ಷಾಂತರ ಕಿಲೋಮೀಟರ್ ಓಡಿದ ಬಸ್ಸು. ಮೈಸೂರಿನ ಯಾವ ಆಟೋ ನಿಲ್ದಾಣಕ್ಕಾದರೂ ಆ ದಿನ ಬಂದು ನೋಡಿ. ಸೀಟು ಹರಿದ ಆಟೋಗೂ ನಿನ್ನೆ ಶೋರೂಮಿನಿಂದ ಬಂದ ಆಟೋಗೂ ಒಂದೇ ಅಳತೆಯ ಸೇವಂತಿಗೆ ಹಾರ, ಚಕ್ರದಡಿಗೆ ಅದೇ ಮೂರು ನಿಂಬೆಹಣ್ಣು, ಎದುರಿಗೆ ಅದೇ ಕುಂಕುಮ ತುಂಬಿದ ಬೂದುಗುಂಬಳ. ಅವತ್ತು ಯಾರೂ ಗಾಡಿಯ ಮಾಡೆಲ್ ಕೇಳುವುದಿಲ್ಲ. ಇರುವುದನ್ನು ತೊಳೆದು ಒರೆಸಿ ಕೃತಜ್ಞತೆ ಹೇಳುವ ಈ ದಿನವನ್ನು ಇರುವುದನ್ನು ಬಿಟ್ಟುಕೊಡುವ ದಿನವನ್ನಾಗಿ ನೀವು ತಿರುಗಿಸುತ್ತಿರುವುದು ನನಗೆ ವ್ಯಾಪಾರಕ್ಕಿಂತ ಹೆಚ್ಚಿನ ಅತಿಕ್ರಮವಾಗಿ ಕಾಣುತ್ತದೆ.

ಹಳೆಯ ಗಾಡಿಯ ಪ್ರೀತಿಯನ್ನು ಕಂಪನಿಯ ಹಂಗಿಲ್ಲದೆ ಉಳಿಸಿಕೊಳ್ಳುವುದು ಹೇಗೆಂದು ತಿಳಿಯಬೇಕಾದರೆ ನಾನೀಗಿರುವ ಮೈಸೂರಿಗಿಂತ ಒಳ್ಳೆಯ ಪಾಠಶಾಲೆ ಸಿಗುವುದು ಕಷ್ಟ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಜಾವಾ ಬೈಕುಗಳನ್ನೂ ಆಮೇಲೆ ಯೆಜ್ಡಿಗಳನ್ನೂ ತಯಾರಿಸಿ 1996ರಲ್ಲಿ ಬಾಗಿಲು ಹಾಕಿತು. ಬಿಡಿಭಾಗ ಕೊಡಬೇಕಾದ ಕಂಪನಿಯೇ ಇಲ್ಲವಾಯಿತು. ಬೈಕುಗಳು ಮಾತ್ರ ನಿಲ್ಲಲಿಲ್ಲ. ಆ ಕಾರ್ಖಾನೆಯ ಗಾಡಿಗಳನ್ನು ಬಿಚ್ಚಿ ಜೋಡಿಸಿ ಕೈ ಪಳಗಿದ್ದ ಮೆಕ್ಯಾನಿಕರು, ಲೇತಿನಲ್ಲಿ ಕಡೆದುಕೊಡುವ ಸಣ್ಣ ವರ್ಕ್‌ಶಾಪಿನವರು, ಗುಜರಿಯಿಂದ ಕಾರ್ಬುರೇಟರ್ ಹೆಕ್ಕಿ ತರುವವರು ಸೇರಿ ಅವುಗಳನ್ನು ಓಡಿಸಿಕೊಂಡು ಬಂದರು. ಪ್ರತಿ ವರ್ಷ ಜುಲೈ ತಿಂಗಳ ಎರಡನೆಯ ಭಾನುವಾರ, ಜಾವಾ ದಿನದಂದು, ಬೆಂಗಳೂರು ಮತ್ತು ಮೈಸೂರಿನಲ್ಲಿ ಆ ಎರಡು ಸೈಲೆನ್ಸರಿನ ಸದ್ದು ಒಟ್ಟಾಗಿ ಕೇಳಿಸುತ್ತದೆ. 2018ರಲ್ಲಿ ಜಾವಾ ಹೆಸರನ್ನೂ 2022ರಲ್ಲಿ ಯೆಜ್ಡಿ ಹೆಸರನ್ನೂ ಹೊಸ ಕಂಪನಿ ಮಾರುಕಟ್ಟೆಗೆ ಮರಳಿ ತಂದಾಗ ಅದಕ್ಕೆ ಸಿಕ್ಕ ಸಿದ್ಧ ಪ್ರೀತಿಯನ್ನು ಇಪ್ಪತ್ತೆರಡು ವರ್ಷ ಕಾದಿಟ್ಟವರು ಗ್ರೀಸು ಮೆತ್ತಿದ ಕೈಯ ಈ ಜನ. ಸ್ಕೂಟರ್ ತಯಾರಿಕೆಯನ್ನೇ ಬಿಟ್ಟಿದ್ದ ಬಜಾಜ್ 2020ರಲ್ಲಿ ತನ್ನ ಹಳೆಯ ಸ್ಕೂಟರಿನ ಚೇತಕ್ ಹೆಸರಿನಲ್ಲೇ ವಿದ್ಯುತ್ ಸ್ಕೂಟರನ್ನು ಮಾರುಕಟ್ಟೆಗೆ ತಂದಾಗಲೂ ಆದದ್ದು ಹೀಗೆಯೇ.

ಕಂಪನಿಯವರು ಮನಸ್ಸು ಮಾಡಿದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆಯಿದೆ. 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿಯವರು ಮೊದಲ ಮಾರುತಿ 800ರ ಕೀಲಿಯನ್ನು ದೆಹಲಿಯ ಹರ್‌ಪಾಲ್ ಸಿಂಗ್ ಅವರ ಕೈಗೆ ಕೊಟ್ಟರು. ಅವರು 2010ರಲ್ಲಿ ತೀರಿಕೊಳ್ಳುವವರೆಗೂ ಆ ಕಾರನ್ನು ಬಿಡಲಿಲ್ಲ. ಆಮೇಲೆ ಅದು ಮನೆಯ ಮುಂದೆ ತುಕ್ಕು ಹಿಡಿಯುತ್ತ ನಿಂತಿದ್ದ ಚಿತ್ರಗಳು ಊರೂರು ಸುತ್ತಿದವು. ಕೊನೆಗೆ ಕಂಪನಿಯೇ ಅದನ್ನು ಹೊಸದರಂತೆ ಸರಿಮಾಡಿ ತನ್ನ ಕೇಂದ್ರ ಕಚೇರಿಯಲ್ಲಿ ಇರಿಸಿಕೊಂಡಿತು. ಒಳ್ಳೆಯದೇ ಆಯಿತು. ಮೊದಲನೆಯ ಕಾರಿಗೆ ಸಿಕ್ಕ ಈ ಉಪಚಾರ ಯಾವ ಕಂಪನಿಯದೇ ಆಗಲಿ, ಹತ್ತು ಲಕ್ಷದ ಒಂದನೆಯ ಕಾರಿಗೂ ಸಿಗಬೇಕೆಂದು ಕೇಳುವುದು ದುರಾಸೆ. ಅದಕ್ಕೆ ಒಂದು ಬಾಗಿಲಿನ ಹಿಡಿ, ಒಂದು ಗಾಜು ಏರಿಸುವ ಹಲ್ಲುಚಕ್ರ ಸಿಗಲಿ ಎನ್ನುವುದು ದುರಾಸೆಯಲ್ಲ.

ಸರ್ಕಾರದ ಗಾಳಿಯೂ ನಿಮ್ಮ ಕಡೆಗೇ ಬೀಸುತ್ತಿದೆ. ಹದಿನೈದು ವರ್ಷ ದಾಟಿದ ಕಾರಿನ ನೋಂದಣಿ ನವೀಕರಣಕ್ಕೆ ಮೊದಲು ಆರುನೂರು ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲಿನಿಂದ ಐದು ಸಾವಿರವಾಯಿತು. ಇಪ್ಪತ್ತು ದಾಟಿದವಕ್ಕೆ 2025ರ ಆಗಸ್ಟಿನಲ್ಲಿ ಅದು ಹತ್ತು ಸಾವಿರಕ್ಕೇರಿತು. 2024ರ ಆಗಸ್ಟಿನಲ್ಲಿ, ಹಬ್ಬದ ಕಾಲ ಶುರುವಾಗುವ ಹೊತ್ತಿಗೆ ಸರಿಯಾಗಿ, ಹಳೆಯ ಗಾಡಿಯನ್ನು ಗುಜರಿಗೆ ಹಾಕಿದ್ದಕ್ಕೆ ಪ್ರಮಾಣಪತ್ರ ತಂದವರಿಗೆ ಹೊಸ ಕಾರಿನ ಬೆಲೆಯಲ್ಲಿ ಶೇ. 1.5 ಅಥವಾ ಇಪ್ಪತ್ತು ಸಾವಿರ ರೂಪಾಯಿ, ಯಾವುದು ಕಡಿಮೆಯೋ ಅಷ್ಟನ್ನು ಬಿಡಲು ನಿಮ್ಮಲ್ಲಿ ಹಲವರು ಒಪ್ಪಿಕೊಂಡಿರಿ. 2025ರ ಸೆಪ್ಟೆಂಬರ್ 22ರಂದು, ನವರಾತ್ರಿಯ ಮೊದಲ ದಿನವೇ, ಸಣ್ಣ ಕಾರುಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿಯಿತು. ಕೆಟ್ಟ ಹೊಗೆ ಬಿಡುವ ಗಾಡಿಗಳು ಹೋಗಲಿ ಎಂಬ ಉದ್ದೇಶವನ್ನು ನಾನು ಗೌರವಿಸುತ್ತೇನೆ. ಆದರೆ ಬಿಡಲು ಇಷ್ಟೊಂದು ಪ್ರೋತ್ಸಾಹವಿರುವಾಗ, ಇಟ್ಟುಕೊಳ್ಳಬೇಕೆನ್ನುವವರಿಗೆ ಒಂದು ಮಾತಿನ ಆಸರೆಯೂ ಇಲ್ಲದಿರುವುದು ಸರಿಯೇ?

ಆ ಆಸರೆಯನ್ನು ಬೇರೆ ಕಡೆ ಜನ ಮತ ಹಾಕಿ ಪಡೆದುಕೊಂಡಿದ್ದಾರೆ. ಅಮೆರಿಕದ ಮಾಸಚೂಸೆಟ್ಸ್ ರಾಜ್ಯದ ಮತದಾರರು 2012ರಲ್ಲೊಮ್ಮೆ, 2020ರಲ್ಲಿ ಮತ್ತೊಮ್ಮೆ, ಕಾರಿನ ಒಳಗಿನ ಮಾಹಿತಿ ಹೊರಗಿನ ಗ್ಯಾರೇಜುಗಳಿಗೂ ಸಿಗಬೇಕೆಂದು ತೀರ್ಪಿತ್ತರು. ಎರಡನೆಯ ಸಲ ನಾಲ್ಕರಲ್ಲಿ ಮೂರು ಪಾಲು ಜನ ಪರವಾಗಿದ್ದರು. ಅದರ ವಿರುದ್ಧ ಕೋರ್ಟಿಗೆ ಹೋದದ್ದು ಕಾರು ತಯಾರಕರ ಒಕ್ಕೂಟವೇ. ನಮ್ಮಲ್ಲಿ 2022ರ ಜುಲೈನಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿಯ ಹಕ್ಕಿಗಾಗಿ ಸಮಿತಿ ಮಾಡಿ, ಕೃಷಿ ಯಂತ್ರ, ಮೊಬೈಲು, ಗೃಹೋಪಯೋಗಿ ವಸ್ತುಗಳ ಜೊತೆಗೆ ವಾಹನಗಳನ್ನೂ ಅದರ ವ್ಯಾಪ್ತಿಗೆ ಸೇರಿಸಿತು. ಅದಾದ ಮೇಲೂ ನನ್ನ ಹೆಡ್‌ಲೈಟಿನ ಲಾಕ್ ಬಿಡಿಯಾಗಿ ಬರುವುದಿಲ್ಲ.

ಆದ್ದರಿಂದ ನಿಮ್ಮಲ್ಲಿ ನನ್ನ ಬೇಡಿಕೆ ಸಣ್ಣದು. ಮಾರುವಾಗಲೇ, ದೊಡ್ಡ ಅಕ್ಷರದಲ್ಲಿ, ಈ ಮಾಡೆಲ್ ನಿಂತ ಮೇಲೆ ಇಂತಿಷ್ಟು ವರ್ಷ ಬಿಡಿಭಾಗ ಕೊಡುತ್ತೇವೆ ಎಂದು ಬರೆಯಿರಿ. ಫ್ರಿಜ್ಜಿನ ಮೇಲೆ ವಿದ್ಯುತ್ತಿನ ನಕ್ಷತ್ರಗಳಿವೆ. 2023ರ ಅಕ್ಟೋಬರಿನಿಂದ ಭಾರತ್ ಎನ್‌ಕ್ಯಾಪ್ ಎಂಬ ಡಿಕ್ಕಿ ಪರೀಕ್ಷೆಯ ಮೂಲಕ ಕಾರಿಗೂ ಸುರಕ್ಷತೆಯ ನಕ್ಷತ್ರಗಳು ಬಂದವು, ನೀವು ಅವನ್ನು ಜಾಹೀರಾತಿನಲ್ಲಿ ಹೆಮ್ಮೆಯಿಂದಲೇ ತೋರಿಸುತ್ತೀರಿ. ಹಾಗೆಯೇ ರಿಪೇರಿಯ ವರ್ಷಗಳನ್ನೂ ತೋರಿಸಿ. ಲಾಕು, ಕ್ಲಿಪ್ಪು, ಹಲ್ಲುಚಕ್ರಗಳನ್ನು ಅಸೆಂಬ್ಲಿಯ ಹೊಟ್ಟೆಯಿಂದ ಹೊರತೆಗೆದು ಬಿಡಿಯಾಗಿ ಮಾರಿ. ವರ್ಕ್‌ಶಾಪ್ ಮ್ಯಾನ್ಯುವಲ್ಲನ್ನು ಬೀದಿಯ ಗ್ಯಾರೇಜಿನವರೂ ದುಡ್ಡು ಕೊಟ್ಟು ಕೊಳ್ಳುವಂತಾಗಲಿ, ಸಾಧ್ಯವಾದರೆ ಕನ್ನಡದಲ್ಲಿ. ಇದಾವುದೂ ಆಗದೆಂದಾದರೆ ಜಾಹೀರಾತಿನಲ್ಲಿ ಹೊಸ ಕಾರನ್ನು ಎಷ್ಟು ಬೇಕಾದರೂ ಹೊಗಳಿ, ಮೈಲೇಜು ಹೇಳಿ, ಬೆಲೆ ಹೇಳಿ. ಮುಸುಕು ಹೊದ್ದ ಹಳೆಯ ಕಾರನ್ನೂ ಅದರ ಪಕ್ಕದ ಮುದುಕರನ್ನೂ ಮಾತ್ರ ಅವರ ಪಾಡಿಗೆ ಬಿಟ್ಟುಬಿಡಿ.

ಈ ಆಯುಧಪೂಜೆಗೂ ನನ್ನ ಹನ್ನೊಂದು ವರ್ಷದ ಕಾರೇ ಅಂಗಳದಲ್ಲಿ ನಿಲ್ಲುತ್ತದೆ. ಅದರ ಎಡಗಡೆಯ ಹೆಡ್‌ಲೈಟು ಬೆಸುಗೆಯ ಮೇಲೆ ನಿಂತಿದೆ, ಬಲಗಡೆಯದು ಇನ್ನೂ ತನ್ನದೇ ಲಾಕಿನ ಮೇಲಿದೆ. ನಮ್ಮ ಬೀದಿಯ ದನಗಳು ಮೈ ಉಜ್ಜುವುದನ್ನು ಬಿಟ್ಟಿಲ್ಲವಾದ್ದರಿಂದ, ಬಲಗಡೆಯದು ಮುರಿಯುವ ಮೊದಲು ತಮ್ಮ ಉತ್ತರ ಬಂದರೆ ಉಪಕಾರವಾದೀತು.

ಇತಿ,
ತಮ್ಮ ಗಾಡಿಯೊಂದರ ಒಡತಿ,
ಮೈಸೂರು